ಪ್ಯಾಲೆಸ್ತೀನ್ ಆಸ್ಪತ್ರೆಗಳಿಗಾಗಿ ಒಂದು ಕಲಾ ಸಂಜೆ: ಪ್ರಚಾರಕ್ಕೆ ನಿಂತವರು ಪದೇ ಪದೇ ಕೇಳುವ ಪ್ರಶ್ನೆಗಳು

ಗಾಜಾ ಮತ್ತು ವೆಸ್ಟ್ ಬ್ಯಾಂಕಿನ ವೈದ್ಯಕೀಯ ನೆರವಿಗೆಂದು ಬ್ರಿಟನ್ನಿನಲ್ಲಿ ಸಂಗೀತ ಸಂಜೆ, ಚಿತ್ರಗಳ ಹರಾಜು, ಕವಿಗೋಷ್ಠಿ, ಸಿನಿಮಾ ಪ್ರದರ್ಶನಗಳು ನಡೆಯುತ್ತಲೇ ಇವೆ. ಇಲ್ಲಿರುವ ಕನ್ನಡಿಗರಲ್ಲೂ ಕೆಲವರು ಹಾಡಲು, ಕುಣಿಯಲು, ಟಿಕೆಟ್ ಮಾರಲು ಮುಂದೆ ಬರುತ್ತಾರೆ. ಪೋಸ್ಟರ್ ಬರೆಯುವ ಹೊತ್ತಿಗೆ ಮಾತ್ರ ಎಲ್ಲರ ಕೈಯೂ ತಡೆಯುತ್ತದೆ. ಆಗ ಏಳುವ ಪ್ರಶ್ನೆಗಳನ್ನೂ ನನಗೆ ತಿಳಿದ ಉತ್ತರಗಳನ್ನೂ ಇಲ್ಲಿ ಹಾಕಿದ್ದೇನೆ. ಕಾನೂನಿನ ಮಾತು ಬಂದಲ್ಲೆಲ್ಲ ಅದು ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಸಂಬಂಧಿಸಿದ್ದು. ಸ್ಕಾಟ್ಲೆಂಡಿನವರು ತಮ್ಮಲ್ಲಿಯ ನಿಯಮ ನೋಡಿಕೊಳ್ಳಬೇಕು.

ಪೋಸ್ಟರಿನಲ್ಲಿ ಮೊದಲು ಏನಿರಬೇಕು?

ಹಣ ಯಾರಿಗೆ ಹೋಗುತ್ತದೆ ಎಂಬುದು. ಊರು, ದಿನಾಂಕ, ಹೊತ್ತು, ಹಾಡುವವರ ಹೆಸರು ಹೇಗೂ ಬರೆದೇ ಬರೆಯುತ್ತೀರಿ. ಬಿಟ್ಟುಹೋಗುವುದು ಇದೊಂದೇ. ‘ಗಾಜಾ ಸಂತ್ರಸ್ತರಿಗಾಗಿ’ ಎಂದಷ್ಟೇ ಬರೆದ ಪೋಸ್ಟರನ್ನು ನೋಡಿದವರು ತಲೆದೂಗುತ್ತಾರೆ, ಆದರೆ ಜೇಬಿಗೆ ಕೈ ಹಾಕುವುದಿಲ್ಲ. ಸಂಸ್ಥೆಯ ಪೂರ್ತಿ ಹೆಸರು, ಅದರ ಚಾರಿಟಿ ನೋಂದಣಿ ಸಂಖ್ಯೆ, ಟಿಕೆಟಿನ ಹಣದಲ್ಲಿ ಎಷ್ಟು ಪಾಲು ಆ ಸಂಸ್ಥೆಗೆ ಹೋಗುತ್ತದೆ ಎಂಬ ಒಂದು ಸಾಲು, ಇಷ್ಟಿರಲಿ. ‘ಸಭಾಂಗಣದ ಬಾಡಿಗೆ ಕಳೆದು ಉಳಿದದ್ದೆಲ್ಲ’ ಎಂದು ಬರೆದರೆ ಯಾರೂ ಬೇಸರಪಡುವುದಿಲ್ಲ. ‘ಪೂರ್ತಿ ಹಣ’ ಎಂದು ಬರೆದು ಆಮೇಲೆ ಬಾಡಿಗೆ ಮುರಿದುಕೊಂಡರೆ ಅದು ಸುಳ್ಳು ಜಾಹೀರಾತು.

ಕಾರ್ಯಕ್ರಮ ನಡೆಸುವವರು ಯಾರು ಎಂಬುದೂ ಕಾಣಬೇಕು. ನೀವು ಆ ಸಂಸ್ಥೆಯವರಲ್ಲ, ಅದಕ್ಕಾಗಿ ಹಣ ಕೂಡಿಸುತ್ತಿರುವವರು. ಆದ್ದರಿಂದ ಅವರ ಲಾಂಛನ ಹಾಕುವ ಮೊದಲು ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಹಣ ಕೂಡಿಸುವವರಿಗೆ ನೆರವಾಗುವ ವಿಭಾಗ ದೊಡ್ಡ ಸಂಸ್ಥೆಗಳಲ್ಲೆಲ್ಲ ಇರುತ್ತದೆ. ಕೇಳಿದರೆ ಪೋಸ್ಟರಿನ ಮಾದರಿಯನ್ನೂ ಕಳಿಸುತ್ತಾರೆ.

ಯಾವ ಸಂಸ್ಥೆಯನ್ನು ಆರಿಸಿಕೊಳ್ಳೋಣ?

ಬ್ರಿಟನ್ನಿನ ಕಲಾ ಕಾರ್ಯಕ್ರಮಗಳಲ್ಲಿ ಹೆಚ್ಚಾಗಿ ಕೇಳಿಬರುವುದು ಮೆಡಿಕಲ್ ಏಡ್ ಫಾರ್ ಪ್ಯಾಲೆಸ್ಟೀನಿಯನ್ಸ್, ಚಿಕ್ಕದಾಗಿ ‘ಮ್ಯಾಪ್’. 1982ರಲ್ಲಿ ಲೆಬನಾನಿನ ಬೈರೂತಿನಲ್ಲಿ ಪ್ಯಾಲೆಸ್ತೀನಿ ನಿರಾಶ್ರಿತರಿದ್ದ ಸಾಬ್ರಾ ಮತ್ತು ಶಟೀಲಾ ಶಿಬಿರಗಳಲ್ಲಿ ಹತ್ಯಾಕಾಂಡ ನಡೆದಾಗ ಅಲ್ಲಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಮೂಳೆ ವೈದ್ಯೆ ಆಂಗ್ ಸ್ವೀ ಚಾಯ್ ಮತ್ತು ಅವರ ಸಂಗಡಿಗರು 1984ರಲ್ಲಿ ಕಟ್ಟಿದ ಸಂಸ್ಥೆ ಇದು. ಪ್ರಚಾರದ ಬರಹದಲ್ಲಿ ಈ ಹಿನ್ನೆಲೆಯನ್ನು ನಾಲ್ಕು ಸಾಲಲ್ಲಿ ಹೇಳಿದರೆ ಕೇಳುವವರ ಕಿವಿ ನೆಟ್ಟಗಾಗುತ್ತದೆ.

ಮಕ್ಕಳ ಚಿಕಿತ್ಸೆಯೇ ಮುಖ್ಯ ಎನ್ನುವವರಿಗೆ ಪ್ಯಾಲೆಸ್ಟೈನ್ ಚಿಲ್ಡ್ರನ್ಸ್ ರಿಲೀಫ್ ಫಂಡ್ ಇದೆ. 1991ರಿಂದ ನಡೆಯುತ್ತಿರುವ ಅಮೆರಿಕನ್ ಸಂಸ್ಥೆ. 2019ರಲ್ಲಿ ಗಾಜಾದ ರಂತೀಸಿ ಆಸ್ಪತ್ರೆಯಲ್ಲಿ ಮಕ್ಕಳ ಕ್ಯಾನ್ಸರ್ ವಿಭಾಗ ತೆರೆದದ್ದು ಇವರೇ. ನವೆಂಬರ್ 2023ರಲ್ಲಿ ಆ ಆಸ್ಪತ್ರೆಯನ್ನೇ ತೆರವು ಮಾಡಬೇಕಾಯಿತು. ಆಂಬುಲೆನ್ಸ್ ಸೇವೆಗೆ ಕೊಡಬೇಕೆಂದರೆ 1968ರಲ್ಲಿ ಆರಂಭವಾದ ಪ್ಯಾಲೆಸ್ಟೈನ್ ರೆಡ್ ಕ್ರೆಸೆಂಟ್. ನಮ್ಮಲ್ಲಿ 108 ಒತ್ತಿದ ಹಾಗೆ ಅಲ್ಲಿನವರು 101 ಒತ್ತುತ್ತಾರಲ್ಲ, ಆ ಕರೆಗೆ ಓಗೊಡುವವರು ಇವರು. ಊರೂರಿನ ಚಿಕಿತ್ಸಾಲಯ, ಸಂಚಾರಿ ವೈದ್ಯರ ತಂಡಗಳನ್ನು ನಡೆಸುವ ಪ್ಯಾಲೆಸ್ಟೀನಿಯನ್ ಮೆಡಿಕಲ್ ರಿಲೀಫ್ ಸೊಸೈಟಿ 1979ರಿಂದ ಅಲ್ಲಿನ ವೈದ್ಯರೇ ಕಟ್ಟಿ ಬೆಳೆಸಿದ್ದು.

ಒಂದೇ ಸಂಸ್ಥೆಯನ್ನು ಆರಿಸಿ ಎಂಬುದು ನನ್ನ ಸಲಹೆ. ಐದು ಹೆಸರು ಹಾಕಿದರೆ ಓದುವವರಿಗೆ ಒಂದೂ ನೆನಪಿರುವುದಿಲ್ಲ. ಬ್ರಿಟನ್ನಿನಲ್ಲಿ ನೋಂದಣಿಯಾದ ಸಂಸ್ಥೆಯಾದರೆ ಚಾರಿಟಿ ಕಮಿಷನ್ನಿನ ಜಾಲತಾಣದಲ್ಲಿ ಹೆಸರು ಹೊಡೆದು ನೋಡಬಹುದು, ಲೆಕ್ಕಪತ್ರವೂ ಅಲ್ಲೇ ಸಿಗುತ್ತದೆ.

ಹಣ ನಿಜಕ್ಕೂ ಗಾಜಾ ಒಳಗೆ ತಲುಪುತ್ತದೆಯೇ?

ಟಿಕೆಟ್ ಮೇಜಿನ ಮುಂದೆ ನಿಂತವರು ಇದನ್ನು ಕೇಳಿಯೇ ಕೇಳುತ್ತಾರೆ. ಪ್ರಚಾರಕರು ಮುಗ್ಗರಿಸುವುದೂ ಇಲ್ಲೇ. ‘ಖಂಡಿತ ತಲುಪುತ್ತದೆ’ ಎಂದು ಎದೆ ತಟ್ಟಿ ಹೇಳಬೇಡಿ. ಇರುವುದನ್ನು ಇದ್ದ ಹಾಗೆ ಹೇಳಿ.

ಈಜಿಪ್ಟಿನ ಕಡೆಯ ರಫಾ ಗಡಿದಾರಿ ಮೇ 2024ರಲ್ಲಿ ಇಸ್ರೇಲಿ ಸೇನೆಯ ವಶವಾಯಿತು. ಮಾರ್ಚ್ 2025ರ ಆರಂಭದಿಂದ ಸುಮಾರು ಹನ್ನೊಂದು ವಾರ ಗಾಜಾಗೆ ಆಹಾರವನ್ನೂ ಔಷಧಿಯನ್ನೂ ಬಿಡಲೇ ಇಲ್ಲ. ದಾರಿ ತೆರೆದಿದ್ದಾಗಲೂ ಸೇನೆಗೂ ಬಳಕೆಯಾಗಬಹುದು ಎಂಬ ಕಾರಣ ಕೊಟ್ಟು ಜನರೇಟರ್, ಆಮ್ಲಜನಕದ ಯಂತ್ರಗಳಂಥ ಸಾಮಾನನ್ನು ಗಡಿಯಲ್ಲಿ ತಡೆದದ್ದುಂಟು. ಆಗಸ್ಟ್ 2025ರಲ್ಲಿ ಗಾಜಾ ನಗರದ ಪ್ರದೇಶದಲ್ಲಿ ಕ್ಷಾಮವಿದೆ ಎಂದು ಆಹಾರ ಭದ್ರತೆಯನ್ನು ಅಳೆಯುವ ಅಂತರರಾಷ್ಟ್ರೀಯ ತಜ್ಞರ ಕೂಟ ಅಧಿಕೃತವಾಗಿ ಘೋಷಿಸಿತು. ಅಕ್ಟೋಬರ್ 10, 2025ರಂದು ಕದನವಿರಾಮ ಜಾರಿಗೆ ಬಂದ ಮೇಲೂ ನೆರವಿನ ಲಾರಿಗಳಿಗೆ ಅಡೆತಡೆ ತಪ್ಪಲಿಲ್ಲ.

ಹಾಗಾದರೆ ಕೊಟ್ಟ ಹಣ ವ್ಯರ್ಥವೇ? ಅಲ್ಲ. ಮೇಲೆ ಹೇಳಿದ ಸಂಸ್ಥೆಗಳಿಗೆ ಗಾಜಾದಲ್ಲೇ ಸ್ವಂತ ಸಿಬ್ಬಂದಿಯಿದ್ದಾರೆ, ಅಲ್ಲಿನವರೇ ಆದ ನರ್ಸು, ವೈದ್ಯ, ಚಾಲಕರು. ಗಡಿ ಮುಚ್ಚಿದ ದಿನವೂ ಅವರ ಸಂಬಳ, ನೀರಿನ ಟ್ಯಾಂಕರು, ಒಳಗೇ ಸಿಗುವ ಸಾಮಾನಿನ ಖರೀದಿ ನಡೆಯಬೇಕು. ದಾರಿ ತೆರೆದಾಗ ಏನು ಸಾಧ್ಯ ಎಂಬುದಕ್ಕೂ ಒಂದು ಉದಾಹರಣೆಯಿದೆ. ಆಗಸ್ಟ್ 2024ರಲ್ಲಿ ಗಾಜಾದ ಹಸುಗೂಸೊಂದಕ್ಕೆ ಪೋಲಿಯೊ ತಗುಲಿದ್ದು ಖಚಿತವಾಯಿತು, ಅಲ್ಲಿ 25 ವರ್ಷದಲ್ಲಿ ಅದೇ ಮೊದಲ ಪ್ರಕರಣ. ಮುಂದಿನ ತಿಂಗಳೇ, ಯುದ್ಧದ ನಡುವೆ ಅಲ್ಲಲ್ಲಿ ಕೆಲವು ಗಂಟೆಗಳ ಬಿಡುವು ಮಾಡಿಸಿಕೊಂಡು, ಹತ್ತು ವರ್ಷದೊಳಗಿನ 5.5 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಮೊದಲ ಸುತ್ತಿನ ಹನಿ ಹಾಕಿ ಮುಗಿಸಿದರು. ನಮ್ಮಲ್ಲಿ ಪಲ್ಸ್ ಪೋಲಿಯೊ ಭಾನುವಾರಗಳನ್ನು ಕಂಡವರಿಗೆ ಇದು ಎಂಥ ಕೆಲಸವೆಂದು ಬಿಡಿಸಿ ಹೇಳಬೇಕಿಲ್ಲ.

ನೆರವು ಗಾಜಾಗಷ್ಟೇ ಸೀಮಿತವೂ ಅಲ್ಲ. ಪ್ಯಾಲೆಸ್ತೀನಿನ ಕ್ಯಾನ್ಸರ್ ರೋಗಿಗಳು ವಿಕಿರಣ ಚಿಕಿತ್ಸೆಗೆ ನಂಬಿಕೊಂಡಿರುವುದು ಪೂರ್ವ ಜೆರುಸಲೇಮಿನ ಆಗಸ್ಟಾ ವಿಕ್ಟೋರಿಯಾ ಆಸ್ಪತ್ರೆಯನ್ನು. ವೆಸ್ಟ್ ಬ್ಯಾಂಕಿನ ಹಳ್ಳಿಯಿಂದ ಅಲ್ಲಿಗೆ ಹೋಗಲು ಅನುಮತಿ ಪತ್ರ ಬೇಕು, ತಪಾಸಣಾ ಠಾಣೆಗಳನ್ನು ದಾಟಬೇಕು. ಇದನ್ನು ಯಾರೂ ಪೋಸ್ಟರಿನಲ್ಲಿ ಹೇಳುವುದಿಲ್ಲ. ವೇದಿಕೆಯ ಮೇಲೆ ಎರಡು ನಿಮಿಷ ಸಿಕ್ಕರೆ ಹೇಳಿ.

ಔಷಧಿ, ಬಟ್ಟೆ, ಕಂಬಳಿ ಸಂಗ್ರಹಿಸಬಹುದೇ?

ಬೇಡ. ಅವನ್ನು ಗಡಿ ದಾಟಿಸುವ ದಾರಿ ನಿಮಗಿಲ್ಲ. ಯಾರದೋ ಗ್ಯಾರೇಜಿನಲ್ಲಿ ಕೊಳೆಯುತ್ತವೆ.

ಇದು ರಾಜಕೀಯ ಕಾರ್ಯಕ್ರಮ ಅಲ್ಲವೇ?

ನೆಂಟರ ಮನೆಯಲ್ಲೂ ಈ ಮಾತು ಬರುತ್ತದೆ, ಕನ್ನಡ ಸಂಘದ ಪದಾಧಿಕಾರಿಗಳ ಬಾಯಲ್ಲೂ ಬರುತ್ತದೆ. ಮನಸ್ಸಿನಲ್ಲಿ ರಾಜಕೀಯವಿಲ್ಲದೆ ಯಾರೂ ಈ ವಿಷಯಕ್ಕೆ ಬರುವುದಿಲ್ಲ, ನಾನೂ ಬಂದಿಲ್ಲ. ಆದರೆ ಕೂಡಿಸುವ ಹಣ ಹೋಗುವುದು ಬ್ಯಾಂಡೇಜಿಗೆ, ಅರಿವಳಿಕೆಗೆ, ಡಯಾಲಿಸಿಸ್‌ಗೆ. ಗಾಯಾಳುವಿಗೆ ಚಿಕಿತ್ಸೆ ಸಿಗಬೇಕು, ಆಸ್ಪತ್ರೆಗೆ ರಕ್ಷಣೆ ಇರಬೇಕು ಎನ್ನುವುದು ಜಿನೀವಾ ಒಪ್ಪಂದಗಳಲ್ಲೇ ಬರೆದಿರುವ ಮಾತು. ಅಕ್ಟೋಬರ್ 7, 2023ರ ಹಮಾಸ್ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು 1,200 ಜನ ಸತ್ತರು, 251 ಮಂದಿಯನ್ನು ಒತ್ತೆ ಹಿಡಿದರು. ಆ ನೋವನ್ನು ಅಲ್ಲಗಳೆಯದೆಯೇ ಗಾಜಾದ ಮಗುವಿಗೆ ಕೃತಕ ಕಾಲು ಕೊಡಿಸಲು ಹಾಡಬಹುದು. ಯಾರಾದರೂ ಎರಡನ್ನೂ ತಕ್ಕಡಿಗೆ ಹಾಕಲು ಬಂದರೆ ವಾದಕ್ಕೆ ಇಳಿಯಬೇಡಿ.

ಕೆಲವು ಗೆರೆಗಳನ್ನು ಮಾತ್ರ ಗಟ್ಟಿಯಾಗಿ ಎಳೆದುಕೊಳ್ಳಬೇಕು. ಬ್ರಿಟನ್ನಿನಲ್ಲಿ ಹಮಾಸ್ ಇಡಿಯಾಗಿ 2021ರಿಂದ ನಿಷೇಧಿತ ಸಂಘಟನೆ. 2000ದ ಭಯೋತ್ಪಾದನಾ ಕಾಯ್ದೆಯಡಿ ಅಂಥ ಸಂಘಟನೆಗಳಿಗೆ ಬೆಂಬಲ ಕೋರುವುದು, ಲಾಂಛನ ಪ್ರದರ್ಶಿಸುವುದು ಅಪರಾಧ. ಹಾಡುವವರಿಗೂ ಕವನ ಓದುವವರಿಗೂ ಇದನ್ನು ಮೊದಲೇ ತಿಳಿಸಿ. ಯಹೂದಿಗಳನ್ನು ಹೀಗಳೆಯುವ ಮಾತು ವೇದಿಕೆಯಿಂದ ಬಂದರೂ ಸಭಿಕರಿಂದ ಬಂದರೂ ಆ ಕ್ಷಣವೇ ತಡೆಯುವುದು ನಿರೂಪಕರ ಕೆಲಸ. ಇಂಥ ಸಂಜೆಗಳಿಗೆ ಬರುವವರಲ್ಲಿ, ದುಡಿಯುವವರಲ್ಲಿ ಯಹೂದಿಗಳೂ ಇರುತ್ತಾರೆ.

ಹಿಂದೆ ಇಂಥವು ಗೆದ್ದಿವೆಯೇ?

ದೊಡ್ಡ ಉದಾಹರಣೆಯೆಂದರೆ ಸೆಪ್ಟೆಂಬರ್ 17, 2025ರಂದು ಲಂಡನ್ನಿನ ವೆಂಬ್ಲಿ ಅರೆನಾದಲ್ಲಿ ನಡೆದ ‘ಟುಗೆದರ್ ಫಾರ್ ಪ್ಯಾಲೆಸ್ಟೈನ್’. ಸಂಗೀತಗಾರ ಬ್ರಯನ್ ಈನೊ ಮುಂದೆ ನಿಂತು ನಡೆಸಿದ್ದು. ಅದರ ಕಲಾ ನಿರ್ದೇಶನ ಗಾಜಾದಲ್ಲಿ ಹುಟ್ಟಿ ಬೆಳೆದ ಯುವ ಚಿತ್ರಕಲಾವಿದೆ ಮಲಕ್ ಮತ್ತಾರ್ ಅವರದು. ಡೇಮನ್ ಆಲ್ಬರ್ನ್, ನೆನೆ ಚೆರಿ ಮುಂತಾದವರು ಹಾಡಿದರು. 15 ಲಕ್ಷ ಪೌಂಡಿಗೂ ಹೆಚ್ಚು ಕೂಡಿತು. ಹಣ ಹೋದದ್ದು ಮೂರು ಪ್ಯಾಲೆಸ್ತೀನಿ ನೆರವಿನ ಸಂಸ್ಥೆಗಳಿಗೆ, ಅವುಗಳ ಹೆಸರನ್ನು ಮೊದಲೇ ಸಾರಿದ್ದರು. ಡಿಸೆಂಬರ್ 2024ರಲ್ಲಿ ಗಾಯಕ ಪಾಲ್ ವೆಲ್ಲರ್ ಲಂಡನ್ನಿನ ಬ್ರಿಕ್ಸ್ಟನ್ ಅಕಾಡೆಮಿಯಲ್ಲಿ ‘ಗಿಗ್ ಫಾರ್ ಗಾಜಾ’ ನಡೆಸಿದರು.

ನಮ್ಮಂಥವರಿಗೆ ಇವೆರಡಕ್ಕಿಂತ ಹತ್ತಿರದ ಪಾಠ ಏಪ್ರಿಲ್ 2024ರ ‘ಸಿನಿಮಾ ಫಾರ್ ಗಾಜಾ’ ಹರಾಜು. ಸಿನಿಮಾ ಬರಹಗಾರರು, ತಂತ್ರಜ್ಞರ ಚಿಕ್ಕ ಗುಂಪೊಂದು ಅಂತರ್ಜಾಲದಲ್ಲೇ ನಡೆಸಿ ಮ್ಯಾಪ್‌ಗೆ 3 ಲಕ್ಷ ಡಾಲರಿಗೂ ಹೆಚ್ಚು ಕೂಡಿಸಿತು. ಹರಾಜಿಗಿಟ್ಟ ಪಟ್ಟಿಯಲ್ಲಿ ನಟಿ ಟಿಲ್ಡಾ ಸ್ವಿಂಟನ್ ಮಲಗುವ ಹೊತ್ತಿಗೆ ಕಥೆ ಓದಿ ಹೇಳುವುದೂ ಇತ್ತು! ಅಂದರೆ ಹರಾಜಿಗೆ ವಸ್ತುವೇ ಬೇಕೆಂದಿಲ್ಲ, ಒಬ್ಬರ ಒಂದು ಗಂಟೆಯ ಹೊತ್ತೂ ಸಾಕು.

ನಮ್ಮಲ್ಲಿ ದೊಡ್ಡ ಹೆಸರಿನವರಿಲ್ಲ. ಏನು ಮಾಡೋಣ?

ಒಂದು ಗಂಟೆ ವೀಣೆಯ ಪಾಠ, ಮನೆಗೇ ಬಂದು ಬಿಸಿಬೇಳೆಬಾತ್ ಮಾಡಿಕೊಡುವುದು, ಮಗುವಿನ ಚಿತ್ರ ಬರೆದುಕೊಡುವುದು, ಇವೆಲ್ಲ ಹರಾಜಿಗೆ ಬರುತ್ತವೆ. ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಪ್ಯಾಲೆಸ್ತೀನಿನ ಕಲೆಗೇ ಜಾಗ ಕೊಡುವುದು. ಭರತನಾಟ್ಯ, ಸುಗಮ ಸಂಗೀತ ಇರಲಿ, ಬೇಡವೆನ್ನುವುದಿಲ್ಲ. ಆದರೆ ಇಡೀ ಸಂಜೆಯಲ್ಲಿ ಆ ನಾಡಿನ ಒಂದು ದನಿಯೂ ಕೇಳದೆ ಹೋದರೆ ಹಣ ಕೊಟ್ಟವರು ಯಾರಿಗಾಗಿ ಕೊಟ್ಟೆವೆಂದು ತಿಳಿಯದೆಯೇ ಮನೆಗೆ ಹೋಗುತ್ತಾರೆ.

ತತ್ರೀಜ್ ಕಸೂತಿಯ ಕಾರ್ಯಾಗಾರವನ್ನೇ ನೋಡಿ. ಹೆಂಗಸರು ಉದ್ದನೆಯ ಅಂಗಿಯ ಎದೆಯ ಮೇಲೆ, ತೋಳಿನ ಮೇಲೆ ಹಾಕುವ ಈ ಕಸೂತಿಯನ್ನು ಯುನೆಸ್ಕೊ 2021ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅಂಗಿಯ ವಿನ್ಯಾಸ ನೋಡಿ ಅದು ಯಾವ ಊರಿನದೆಂದು ಹೇಳುವ ಅಜ್ಜಿಯರಿದ್ದಾರೆ. ಧಾರವಾಡದ ಕಡೆಯ ಕಸೂತಿ ಬಲ್ಲವರು ನಿಮ್ಮಲ್ಲಿದ್ದರೆ ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸಿ, ಅದಕ್ಕೆ ಪ್ರಚಾರವೇ ಬೇಕಾಗುವುದಿಲ್ಲ. ದಬ್ಕೆ ಕುಣಿತ 2023ರಲ್ಲಿ ಅದೇ ಪಟ್ಟಿ ಸೇರಿತು. ಸಾಲಾಗಿ ಕೈ ಹಿಡಿದು ನೆಲ ಒದೆಯುತ್ತ ಕುಣಿಯುವುದರಿಂದ ಸಭಿಕರನ್ನೂ ಎಬ್ಬಿಸಬಹುದು. ಇನ್ನು ಗಾಜಾದ ಚಿತ್ರಕಲಾವಿದರ ಕೃತಿ. ಮೂಲ ಚಿತ್ರ ಹೊರಗೆ ಬರುವುದು ಕಷ್ಟ, ಆದರೆ ಡಿಜಿಟಲ್ ಪ್ರತಿ ತರಿಸಿ ಇಲ್ಲೇ ಮುದ್ರಿಸಿ ಮಾರಬಹುದು. ಬರಹದಲ್ಲಿ ಒಪ್ಪಿಗೆ ಬೇಕು. ಕಲಾವಿದರ ಪಾಲನ್ನು ಅವರಿಗೇ ಕೊಡಬೇಕು, ‘ಸೇವೆ’ಯ ಹೆಸರಿನಲ್ಲಿ ನುಂಗಬಾರದು. ಪ್ಯಾಲೆಸ್ತೀನಿ ಕಲಾವಿದರನ್ನು ಬಿಟ್ಟಿ ಹಾಡಿಸುವುದು ನನಗಂತೂ ಸರಿಕಾಣುವುದಿಲ್ಲ.

ಗಾಯಗೊಂಡ ಮಕ್ಕಳ ಫೋಟೋ ಹಾಕಿದರೆ ಹೆಚ್ಚು ಜನ ಬರುತ್ತಾರಲ್ಲವೇ?

ಹಾಕಬೇಡಿ. ಆ ಮಗು ಒಪ್ಪಿಗೆ ಕೊಟ್ಟಿಲ್ಲ. ಅದರ ಅಪ್ಪ ಅಮ್ಮ ಬದುಕಿದ್ದಾರೋ ಇಲ್ಲವೋ ನಿಮಗೆ ತಿಳಿಯದು. ಅಂಥ ಚಿತ್ರ ನೋಡಿದವರು ಬೆರಳಿನಿಂದ ಸರಕ್ಕನೆ ಮೇಲೆ ತಳ್ಳುತ್ತಾರೆ, ಟಿಕೆಟ್ ಕೊಳ್ಳುವುದಿಲ್ಲ. ಯಾರದೋ ಸುದ್ದಿಚಿತ್ರವನ್ನು ಕೇಳದೆ ಬಳಸಿದರೆ ಹಕ್ಕುಸ್ವಾಮ್ಯದ ತೊಂದರೆ ಬೇರೆ. ಸಂಜೆಯ ಕಲೆಯನ್ನೇ ತೋರಿಸಿ. ಕಲ್ಲಂಗಡಿ ಹೋಳಿನ ಚಿತ್ರವನ್ನು ಬಹಳ ಮಂದಿ ಬಳಸುತ್ತಾರೆ. ಕೆಂಪು, ಹಸಿರು, ಬಿಳಿ, ಕಪ್ಪು, ಎಲ್ಲವೂ ಪ್ಯಾಲೆಸ್ತೀನ್ ಬಾವುಟದ ಬಣ್ಣ. 1967ರ ನಂತರ ಇಸ್ರೇಲ್ ಆಕ್ರಮಿಸಿಕೊಂಡ ಪ್ರದೇಶಗಳಲ್ಲಿ ಆ ಬಾವುಟ ಹಾರಿಸುವುದಕ್ಕೇ ನಿಷೇಧವಿತ್ತು. ಹಣ್ಣಿಗೆ ಈ ಅರ್ಥ ಬಂದದ್ದು ಆ ಹಿನ್ನೆಲೆಯಲ್ಲಿ.

ಅಂಕಿಅಂಶಗಳನ್ನು ಎಲ್ಲಿಂದ ತೆಗೆದುಕೊಳ್ಳಬೇಕು?

ವಿಶ್ವ ಆರೋಗ್ಯ ಸಂಸ್ಥೆಯಿಂದ, ವಿಶ್ವಸಂಸ್ಥೆಯ ಮಾನವೀಯ ನೆರವಿನ ಕಚೇರಿಯಿಂದ. ಯಾವ ಅಂಕಿಯನ್ನೂ ದಿನಾಂಕವಿಲ್ಲದೆ ಬರೆಯಬೇಡಿ. ‘ಬದುಕನ್ನೇ ಬದಲಿಸುವಂಥ ಗಾಯವಾದವರು ಸುಮಾರು 42 ಸಾವಿರ, ಅವರಲ್ಲಿ ನಾಲ್ವರಲ್ಲೊಬ್ಬರು ಮಕ್ಕಳು, ವಿಶ್ವ ಆರೋಗ್ಯ ಸಂಸ್ಥೆ, ಅಕ್ಟೋಬರ್ 2025’ ಎಂದು ಬರೆದರೆ ಯಾರೂ ಬೆರಳು ತೋರಿಸಲಾರರು. ಕೈಕಾಲು ಕಳೆದುಕೊಂಡವರು 5 ಸಾವಿರಕ್ಕೂ ಹೆಚ್ಚೆಂದು ಅದೇ ವರದಿ ಹೇಳಿತ್ತು. ಸತ್ತವರ ಲೆಕ್ಕ ಗಾಜಾದ ಆರೋಗ್ಯ ಸಚಿವಾಲಯದ್ದು, ಅದನ್ನು ಹಾಗೆಂದೇ ಹೇಳಿ. ಪೋಸ್ಟರಿನಲ್ಲಿ ಒಂದು ಅಂಕಿ ಸಾಕು. ಮೂರು ಹಾಕಿದರೆ ಅದು ಸರ್ಕಾರಿ ಸುತ್ತೋಲೆಯಾಗುತ್ತದೆ.

ಪ್ರಚಾರ ಎಲ್ಲೆಲ್ಲಿ ಮಾಡಬೇಕು? ಇನ್‌ಸ್ಟಾಗ್ರಾಂ ಸಾಲದೇ?

ಅದೊಂದನ್ನೇ ನಂಬಬೇಡಿ. 2023ರ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಇನ್‌ಸ್ಟಾಗ್ರಾಂ, ಫೇಸ್‌ಬುಕ್ಕುಗಳಲ್ಲಿ ಪ್ಯಾಲೆಸ್ತೀನ್ ಕುರಿತ ಬರಹ, ಚಿತ್ರಗಳನ್ನು ಅಳಿಸಿದ ಅಥವಾ ಅಡಗಿಸಿದ 1,050 ಪ್ರಕರಣಗಳನ್ನು ಹ್ಯೂಮನ್ ರೈಟ್ಸ್ ವಾಚ್ ದಾಖಲಿಸಿತು. ಅವುಗಳಲ್ಲಿ ಒಂದನ್ನು ಬಿಟ್ಟು ಉಳಿದವೆಲ್ಲ ಶಾಂತಿಯುತವಾಗಿ ಬೆಂಬಲ ಸೂಚಿಸಿದವು. ಕಾರ್ಯಕ್ರಮಕ್ಕೆ ಎರಡು ದಿನವಿದೆ ಎನ್ನುವಾಗ ನಿಮ್ಮ ಪುಟ ಮಾಯವಾದರೆ? ಇಮೇಲ್ ಪಟ್ಟಿಯೊಂದನ್ನು ಮೊದಲ ದಿನದಿಂದಲೇ ಕಟ್ಟಿ. ವಾಟ್ಸ್ಆ್ಯಪ್ ಗುಂಪಿಗೆ ಪೋಸ್ಟರ್ ಹಾಕುವಾಗ ಅದರ ವಿವರವನ್ನು ಅಕ್ಷರದಲ್ಲೂ ಕೆಳಗೆ ಬರೆಯಿರಿ. ಚಿತ್ರದೊಳಗಿನ ಸಣ್ಣಕ್ಷರವನ್ನು ಅರವತ್ತು ದಾಟಿದವರು ಓದಲಾರರು, ಟಿಕೆಟ್ ಕೊಳ್ಳುವವರು ಅವರೇ. ಗ್ರಂಥಾಲಯ, ಚರ್ಚಿನ ಸಭಾಂಗಣ, ಮಸೀದಿ, ನಮ್ಮ ದಿನಸಿ ಅಂಗಡಿಗಳ ಫಲಕಗಳು ಈಗಲೂ ಕೆಲಸ ಮಾಡುತ್ತವೆ. ಕೇಳಿ ಅಂಟಿಸಿ. ಬೀದಿ ಕಂಬಕ್ಕೆ ಹಚ್ಚಿದರೆ ದಂಡ.

ಪತ್ರಿಕೆ, ರೇಡಿಯೊ ನಿಮ್ಮ ಸುದ್ದಿ ಹಾಕದಿದ್ದರೆ ಅವಮಾನವೆಂದು ತಿಳಿಯಬೇಡಿ. ಜನವರಿ 2009ರಲ್ಲಿ ಬ್ರಿಟನ್ನಿನ ದೊಡ್ಡ ಚಾರಿಟಿಗಳೆಲ್ಲ ಸೇರಿದ ವಿಪತ್ತು ನೆರವು ಸಮಿತಿ ಗಾಜಾಗಾಗಿ ಮಾಡಿಕೊಂಡ ಮನವಿಯನ್ನೇ ಬಿಬಿಸಿ ಪ್ರಸಾರ ಮಾಡಲಿಲ್ಲ, ತನ್ನ ನಿಷ್ಪಕ್ಷಪಾತಕ್ಕೆ ಧಕ್ಕೆಯೆಂದಿತು. ಆಗ ಹಿರಿಯ ರಾಜಕಾರಣಿ ಟೋನಿ ಬೆನ್ ಬಿಬಿಸಿಯ ನೇರಪ್ರಸಾರದ ಸಂದರ್ಶನದಲ್ಲೇ, ತಡೆದರೂ ಕೇಳದೆ, ಹಣ ಕಳಿಸಬೇಕಾದ ವಿಳಾಸವನ್ನು ಓದಿ ಹೇಳಿಬಿಟ್ಟರು. 2014ರ ಮನವಿಯನ್ನು ಬಿಬಿಸಿ ಪ್ರಸಾರ ಮಾಡಿತು.

ಪರವಾನಗಿ, ಲಾಟರಿ ಇತ್ಯಾದಿ?

499 ಜನರೊಳಗಿನ ಸಂಜೆಗೆ, ಸಭಾಂಗಣಕ್ಕೆ ಪರವಾನಗಿ ಇಲ್ಲದಿದ್ದರೆ, ಕೌನ್ಸಿಲ್ಲಿಗೆ ಕನಿಷ್ಠ 10 ಕೆಲಸದ ದಿನ ಮೊದಲು ತಾತ್ಕಾಲಿಕ ಕಾರ್ಯಕ್ರಮದ ಸೂಚನೆ ಕೊಡಬೇಕಾಗಬಹುದು, ಶುಲ್ಕ 21 ಪೌಂಡ್. ಹಾಡಿಗೆ ಸಂಗೀತದ ಪರವಾನಗಿ ಬೇಕು, ಕನ್ನಡ ಸಿನಿಮಾ ಹಾಡಾದರೂ ಬೇಕು. ಲಾಟರಿ ಚೀಟಿಯನ್ನು ಕಾರ್ಯಕ್ರಮದ ಸ್ಥಳದಲ್ಲಿ, ಆ ಹೊತ್ತಿನಲ್ಲಿ ಮಾತ್ರ ಮಾರಿದರೆ ಪ್ರತ್ಯೇಕ ಪರವಾನಗಿ ಬೇಡ. ಬಂದ ಹಣದಲ್ಲಿ ಬಹುಮಾನಕ್ಕೆ 500 ಪೌಂಡ್, ಖರ್ಚಿಗೆ 100 ಪೌಂಡ್ ಮೀರಿ ಮುರಿಯುವಂತಿಲ್ಲ.

ಗಿಫ್ಟ್ ಏಡ್ ಸಿಗುತ್ತದೆಯೇ?

ಟಿಕೆಟಿಗೆ ಸಿಗುವುದಿಲ್ಲ, ಅದು ಕೊಂಡದ್ದು. ತಾವಾಗಿ ಕೊಟ್ಟ ದೇಣಿಗೆಗೆ, ಕೊಟ್ಟವರು ಇಲ್ಲಿ ತೆರಿಗೆ ಕಟ್ಟುವವರಾಗಿದ್ದರೆ, ಒಂದು ಪೌಂಡಿಗೆ 25 ಪೆನ್ನಿಯನ್ನು ಸರ್ಕಾರ ಸೇರಿಸುತ್ತದೆ. ಆದ್ದರಿಂದ ಟಿಕೆಟ್ ಬೆಲೆ ಕಡಿಮೆ ಇಟ್ಟು, ಮಧ್ಯಂತರದಲ್ಲಿ ದೇಣಿಗೆ ಕೇಳುವುದು ಜಾಣತನ. ಕ್ಯೂಆರ್ ಕೋಡ್ ಸಂಸ್ಥೆಯ ಖಾತೆಗೇ ಹೋಗುವಂತಿರಲಿ, ನಿಮ್ಮ ಸ್ವಂತ ಖಾತೆಗೆ ಬೇಡವೇ ಬೇಡ.

ನಮ್ಮ ಕನ್ನಡ ಸಂಘದ ಹೆಸರಿನಲ್ಲೇ ಮಾಡಬಹುದೇ?

ಸಂಘ ನೋಂದಾಯಿತ ಚಾರಿಟಿಯಾಗಿದ್ದರೆ ಅದರ ನಿಬಂಧನೆಗಳನ್ನು ತೆರೆದು ಓದಿ. ಕನ್ನಡ ಭಾಷೆ, ಸಂಸ್ಕೃತಿಯ ಬೆಳವಣಿಗೆಗೆ ಎಂದಷ್ಟೇ ಇದ್ದರೆ ಸಂಘದ ಹಣವನ್ನು ಬೇರೆ ಉದ್ದೇಶಕ್ಕೆ ಕೊಡುವಂತಿಲ್ಲ. ಇದರಲ್ಲಿ ಯಾರ ಮೇಲೂ ಸಿಟ್ಟಾಗಬೇಕಾದ್ದಿಲ್ಲ. ಸದಸ್ಯರೇ ಕೆಲವರು ಸೇರಿ ತಮ್ಮ ಹೆಸರಿನಲ್ಲಿ ಮಾಡಲಿ. ಯುಗಾದಿ, ದೀಪಾವಳಿ ಕಾರ್ಯಕ್ರಮದ ಬಾಗಿಲಲ್ಲಿ ಕರಪತ್ರ ಹಂಚಲು ಅಧ್ಯಕ್ಷರನ್ನು ಕೇಳಿ ನೋಡಿ. ಒಲ್ಲೆ ಎಂದರೆ ಹಠ ಬೇಡ.

ಬೆಂಗಳೂರಿನಲ್ಲಿರುವ ಅಣ್ಣ, ಅತ್ತಿಗೆ ಹಣ ಕಳಿಸಬಹುದೇ?

ಕಳಿಸಬಹುದು. ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಲ್ಲಿ ಒಬ್ಬರು ಒಂದು ಹಣಕಾಸು ವರ್ಷದಲ್ಲಿ ಒಟ್ಟು 2.5 ಲಕ್ಷ ಡಾಲರಿನವರೆಗೆ ಹೊರದೇಶಕ್ಕೆ ಕಳಿಸಬಹುದು, ದೇಣಿಗೆಯೂ ಅದರಲ್ಲಿ ಸೇರಿದೆ. ತಮ್ಮ ಬ್ಯಾಂಕಿನ ಮೂಲಕ ನೇರವಾಗಿ ಸಂಸ್ಥೆಗೇ ಕಳಿಸಲಿ. ವಿದೇಶಿ ಸಂಸ್ಥೆಗೆ ಕೊಟ್ಟದ್ದಕ್ಕೆ ಆದಾಯ ತೆರಿಗೆಯಲ್ಲಿ ದೇಣಿಗೆಯ ವಿನಾಯಿತಿ ಇಲ್ಲ. ಊರಿನಲ್ಲಿ ಒಬ್ಬರ ಯುಪಿಐಗೆ ಎಲ್ಲರದನ್ನೂ ಕೂಡಿಸಿ ಕಳಿಸುವುದು ಬೇಡ, ಲೆಕ್ಕ ಕೇಳಿದಾಗ ಅವರು ಸಿಕ್ಕಿಬೀಳುತ್ತಾರೆ. ‘ಭಾರತಕ್ಕೂ ಇದಕ್ಕೂ ಏನು ಸಂಬಂಧ’ ಎಂದು ಯಾರಾದರೂ ಕೇಳಿದರೆ, ಭಾರತ ಪ್ಯಾಲೆಸ್ತೀನ್ ರಾಷ್ಟ್ರವನ್ನು ಮಾನ್ಯ ಮಾಡಿದ್ದು 1988ರಲ್ಲಿ, ಅಕ್ಟೋಬರ್ 2023ರಲ್ಲಿ ವಾಯುಪಡೆಯ ವಿಮಾನದಲ್ಲಿ 6.5 ಟನ್ ಔಷಧಿ ಸಾಮಗ್ರಿ ಮತ್ತು 32 ಟನ್ ಪರಿಹಾರ ಸಾಮಗ್ರಿ ಕಳಿಸಿದ್ದೂ ಭಾರತ ಸರ್ಕಾರವೇ ಎನ್ನಿ.

ಕಾರ್ಯಕ್ರಮ ಮುಗಿದ ಮೇಲೆ?

ಒಂದು ವಾರದೊಳಗೆ ಲೆಕ್ಕ ಹಾಕಿ ಬಂದವರಿಗೆಲ್ಲ ಇಮೇಲ್ ಮಾಡಿ: ಟಿಕೆಟಿನಿಂದ ಎಷ್ಟು, ಹರಾಜಿನಿಂದ ಎಷ್ಟು, ಬಾಡಿಗೆಗೆ, ಕಲಾವಿದರಿಗೆ ಎಷ್ಟು ಹೋಯಿತು, ಸಂಸ್ಥೆಗೆ ಕಳಿಸಿದ್ದು ಎಷ್ಟು. ಸಂಸ್ಥೆ ಕೊಟ್ಟ ರಸೀದಿಯನ್ನೂ ಲಗತ್ತಿಸಿ. ಕೂಡಿದ್ದು ನಾನೂರು ಪೌಂಡಾದರೂ ಸಂಕೋಚಪಡಬೇಡಿ. ಪ್ರಚಾರದಲ್ಲಿ ಹೇಳಿದ ಮೊತ್ತ ಮುಟ್ಟದಿದ್ದರೆ ಮುಟ್ಟಲಿಲ್ಲ ಎಂದೇ ಬರೆಯಿರಿ. ಮುಂದಿನ ಸಲ ಕರೆದಾಗ ಬರುವವರು ಈ ಇಮೇಲ್ ಓದಿದವರೇ. ಹರಾಜಿನಲ್ಲಿ ಉಳಿದ ಚಿತ್ರಗಳನ್ನು ಕಲಾವಿದರಿಗೆ ಹಿಂದಿರುಗಿಸಿ, ಅಥವಾ ಅವರನ್ನು ಕೇಳಿ ಅಂತರ್ಜಾಲದಲ್ಲಿ ಇನ್ನೊಂದು ತಿಂಗಳು ಮಾರಾಟಕ್ಕಿಡಿ. ಅಂಗಡಿ, ಗ್ರಂಥಾಲಯಗಳಲ್ಲಿ ಅಂಟಿಸಿದ ಪೋಸ್ಟರುಗಳನ್ನು ನೀವೇ ಹೋಗಿ ತೆಗೆಯಿರಿ.